ಬಾಣಂತಿ ಕೋಣಿ ನಾ ಬಿಟ್ಟುಕೊಡೂದಿಲ್ಲ

ಹ್ವಾದ ಐತವಾರ ಮಧ್ಯಾಹ್ನ ಚಹಾ ಕುಡಕೋತ ಕೂತಾಗ ನಮ್ಮ ನೆಗೆಣ್ಣಿ ಒಂದು ಮಾತು ಅಂದ್ಲು. "ಅಕ್ಕಾ, ಆ ಕತ್ತಲ ಕೋಣಿ ಒಡದು ಒಂದು ಬಚ್ಚಲಾ-ಸಂಡಾಸ ಮಾಡಸಿದ್ರ ಬಂದ ಮಂದಿಗೆ ಎಷ್ಟು ಅನುಕೂಲ ಆಗ್ತದ ನೋಡ್ರಿ. ನಿಮ್ಮ ಫೋಟೋದ ಆಟಾ ಮೊಬೈಲಿನಾಗೂ ಆಗ್ತದಲ್ಲಾ?"

ಆಕಿ ಸಿಟ್ಟಿಲೆ ಅಂದದ್ದಲ್ಲ. ಹಬ್ಬಕ್ಕ ಮನಿ ತುಂಬ ಮಂದಿ ಬಂದಾಗ ಒಂದ ಬಚ್ಚಲಕ್ಕ ಎಂಟು ಮಂದಿ ಟಾವೆಲ್ ಹೆಗಲ ಮ್ಯಾಲ ಹಾಕ್ಕೊಂಡು ನಿಲ್ಲೂದು ನಾನೂ ನೋಡೀನಿ. ಆದರ "ಆಟಾ" ಅನ್ನೂ ಶಬ್ದ ಮನಸ್ಸಿಗೆ ನಟ್ಟತು. ಎರಡು ದಿನ ಏನೂ ಮಾತಾಡದ ಕೂತೆ. ಇವತ್ತು ಬರೀಲಿಕ್ಕೆ ಕೂತೀನಿ. ದೀಪಾವಳಿಗೆ ಅಣ್ಣ-ತಮ್ಮಂದಿರು ಕೂತು ಮನಿ ರಿಪೇರಿ ಮಾತು ತಗೀತಾರ. ಅವರು ತಗಿಯೂಕಿಂತ ಮೊದಲ ನನ್ನ ಮಾತು ನಿಮ್ಮೆಲ್ಲಾರ ಕಿವಿಗೆ ಬಿದ್ದಿರಲಿ.

ನೋಡದವರಿಗೆ ಹೇಳತೀನಿ. ನಮ್ಮದು ಧಾರವಾಡದ ಹಳೇ ಹಂಚಿನ ಮನಿ. ಪಡಸಾಲಿ ದಾಟಿ ನಡುಮನಿಗೆ ಬಂದ್ರ ಎಡಕ್ಕ ದೇವರ ಮನಿ, ಬಲಕ್ಕ ಈ ಕೋಣಿ. ಎಂಟು ಫೂಟು ಉದ್ದ, ಆರು ಫೂಟು ಅಗಲ. ಕಿಡಕಿ ಇಲ್ಲ. ಬೆಳಕಿಂಡಿ ಒಂದು ಅದ, ಅದೂ ಅಂಗೈಯಷ್ಟು. ಮಣ್ಣಿನ ಗ್ವಾಡಿ ಒಂದೂವರಿ ಫೂಟು ದಪ್ಪ. ಮನ್ಯಾಗ ಎಲ್ಲಾರೂ ಬಾಣಂತಿ ಕೋಣಿ ಅಂತಾರ. ಬಾಣಂತನ ದವಾಖಾನಿಗೆ ಹ್ವಾದ ಮ್ಯಾಲ ಅದು ಹಳೇ ಟ್ರಂಕು, ಖಾಲಿ ಭರಣಿ, ಕಾಲು ಮುರದ ಖುರ್ಚಿ ಒಗಿಯೂ ಜಾಗಾ ಆತು. ಮೂವತ್ತು ವರ್ಷ ಆ ಕೋಣಿ ಯಾರಿಗೂ ಬೇಕಾಗಿರಲಿಲ್ಲ. ನಾ ಒಳಗ ಕೂತ ಮ್ಯಾಲ ಎಲ್ಲಾರಿಗೂ ಬೇಕಾಗೇದ.

ಇದು ಹೆಂಗ ಸುರು ಆತು ಅಂದ್ರ, ಮಗಳು ಬೆಂಗಳೂರಾಗ ಕಲೀಲಿಕ್ಕೆ ಹೋಗಿ ಒಂದು ಫಿಲ್ಮಿನ ಕ್ಯಾಮೆರಾ ಹಿಡಕೊಂಡು ಬಂದ್ಲು. ಹಂಪಿಗೆ ಹೋಗಿ ಕಪ್ಪು-ಬಿಳಿ ರೋಲು ತಗದಿದ್ಲು. ತೊಳಸಲಿಕ್ಕೆ ಕೊಟ್ರ ಬಾಯಿ ತುಂಬ ರೊಕ್ಕ ಕೇಳತಾರ ಅಂತ ಗೊಣಗಕೋತ ಕೂತಿದ್ಲು. "ಏನೇನ ಬೇಕಾಗ್ತದ ಅದಕ್ಕ?" ಅಂತ ನಾ ಕೇಳಿದೆ. ಆಕಿ ಫೋನಿನಾಗ ನೋಡಿ ಓದಿದ್ಲು: ಮೆಟಾಲ್, ಹೈಡ್ರೋಕ್ವಿನೋನ್, ಸೋಡಿಯಂ ಸಲ್ಫೈಟ್, ಬೋರಾಕ್ಸ್. ಆಮ್ಯಾಲ ಸೋಡಿಯಂ ಥಯೋಸಲ್ಫೇಟ್.

ಈ ಕಡೀ ಹೆಸರು ಕೇಳಿದ ಕೂಡ್ಲೆ ಎದಿಯಾಗ ಏನೋ ಅಲಗ್ಯಾಡಿದಂಗಾತು. ನೀವು ಮರತಿರಬಹುದು, ನಾನೂ ಮರತಿದ್ದೆ. ನಾ ಕರ್ನಾಟಕ ಕಾಲೇಜಿನಾಗ ಕೆಮಿಸ್ಟ್ರಿ ತಗೊಂಡು ಬಿ.ಎಸ್ಸಿ. ಮಾಡಿದಾಕಿ. ಅಯೋಡಿನ್ ಟೈಟ್ರೇಶನ್ ಮಾಡೂ ಮುಂದ ಬ್ಯುರೆಟ್ಟಿನಾಗ ತುಂಬತಿದ್ದದ್ದು ಇದ ಹೈಪೋ. ಗಂಜಿ ಹಾಕಿದ ನೀಲಿ ನೀರು ಒಂದ ಹನಿಗೆ ಬಣ್ಣ ಕಳಕೊಂಡು ತಿಳಿಯಾಗೂದು, ಆ ಹನಿ ಹೆಚ್ಚಾಗಬಾರದು ಅಂತ ಉಸರು ಹಿಡಕೊಂಡು ನಿಲ್ಲೂದು, ಎಲ್ಲಾ ನೆನಪಾತು. ಮದವಿ ಆದ ಮ್ಯಾಲ ಆ ಕೈ ಹಪ್ಪಳದ ಹಿಟ್ಟಿಗೆ ಪಾಪಡಖಾರ ಅಳಿಯೂದಕ್ಕ ಬಿಟ್ಟು ಬ್ಯಾರೆ ಯಾವುದಕ್ಕೂ ಬರಲಿಲ್ಲ. ಪಾಪಡಖಾರ ಅಳಿಯೂದೇನು ಸಣ್ಣ ಕೆಲಸ ಅಂತಲ್ಲ, ಒಂದು ಚಿಟಿಕಿ ಹೆಚ್ಚಾದ್ರ ಹಪ್ಪಳ ಕೆಂಪಗಾಗ್ತಾವ, ಅದು ನಿಮಗೂ ಗೊತ್ತದ.

"ನಾ ಮಾಡಿ ಕೊಡ್ತೀನಿ" ಅಂದೆ. ಅಂದು ಬಿಟ್ಟೆ.

ಮೊದಲನೇ ರೋಲು ನಾನ ಹಾಳು ಮಾಡಿದೆ. ಸಿನೇಮಾದಾಗ ನೋಡಿದ್ದೆ, ಫೋಟೋ ತೊಳಿಯೂ ಕೋಣ್ಯಾಗ ಕೆಂಪು ದೀಪ ಇರ್ತದ ಅಂತ. ಹಂಗಂತ ದೇವರ ಮನಿ ಕೆಂಪು ಬಲ್ಬು ಬಿಚ್ಚಿ ತಂದು ಹಾಕಿ, ಅದರ ಬೆಳಕಿನಾಗ ಫಿಲ್ಮಿನ ಡಬ್ಬಿ ತಗದೆ. ತೊಳದ ಮ್ಯಾಲ ನೋಡಿದ್ರ ಇಡೀ ಫಿಲ್ಮು ಎಮ್ಮಿ ತೊಗಲಿನಂಗ ಕರ್ರಗ. ಹಂಪಿ ಹೋತು, ವಿಠ್ಠಲ ಗುಡಿ ಹೋತು, ಗೆಳತ್ಯಾರು ಹ್ವಾದ್ರು. ಕೆಂಪು ಬೆಳಕು ಕಾಣಂಗಿಲ್ಲದ್ದು ಕಾಗದಕ್ಕ, ಫಿಲ್ಮಿಗೆ ಅಲ್ಲ. ಈಗಿನ ಫಿಲ್ಮು ಕೆಂಪು, ಹಸರು, ನೀಲಿ ಎಲ್ಲಾ ಬೆಳಕಿಗೂ ಕಣ್ಣು ತಗೀತದ. ಅದನ್ನ ಡಬ್ಬ್ಯಾಗಿಂದ ತಗದು ಸುರಳಿಗೆ ಸುತ್ತಿ ಟ್ಯಾಂಕಿನಾಗ ಹಾಕಿ ಮುಚ್ಚೂ ತನಕ ಒಂದು ಕಿಡಿ ಬೆಳಕೂ ಇರಬಾರದು. ಮುಚ್ಚಿದ ಮ್ಯಾಲ ಹೊರಗ ತಂದು ಅಡಗಿ ಕಟ್ಟಿ ಹತ್ತರ ನಿಂತೂ ತೊಳೀಬಹುದು. ಮಗಳು ಎರಡು ದಿನ ನನ್ನ ಕೂಡ ಮಾತಾಡಲಿಲ್ಲ.

ಆ ಹಾಳಾದ ಫಿಲ್ಮ ನನಗ ಗುರು ಆತು. ಸಂಜೀಮುಂದ ಧಾರಾವಾಹಿ ನೋಡಕೋತ, ಕೈ ಸೆರಗಿನ ಕೆಳಗ ಇಟ್ಟುಕೊಂಡು, ಅದನ್ನ ಸುರಳಿಗೆ ಸುತ್ತೂದು ಬಿಚ್ಚೂದು ಮಾಡಿದೆ. ಒಂದು ವಾರಕ್ಕ ಬಂತು. ಮಲ್ಲಿಗಿ ಮಾಲಿ ಕಟ್ಟೂಕಿಗೆ ಇದು ಬಂದ ಬರ್ತದ. ಕಣ್ಣು ಬ್ಯಾಡ, ಬೊಟ್ಟಿಗೆ ಗೊತ್ತಾಗ್ತದ. ಸುರಳಿ ಮಾತ್ರ ಒಣಾ ಒಣಾ ಇರಬೇಕು, ಒಂದು ಹನಿ ಹಸಿ ಇದ್ರೂ ಫಿಲ್ಮು ಅಂಟಿಕೊಂಡು ಮುಂದ ಸರಿಯಂಗಿಲ್ಲ.

ಕೋಣಿ ಕತ್ತಲದ್ದು ಅಂತ ನಾವು ಅನ್ನೂದು ಬ್ಯಾರೆ, ನಿಜವಾಗಿ ಕತ್ತಲಾಗೂದು ಬ್ಯಾರೆ. ಒಳಗ ಹೋಗಿ ಬಾಗಲಾ ಹಾಕ್ಕೊಂಡು ಹತ್ತು ನಿಮಿಷ ಸುಮ್ನ ಕೂಡ್ರಬೇಕು. ಮೊದಲ ಏನೂ ಕಾಣಂಗಿಲ್ಲ. ಕಣ್ಣು ಹೊಂದಿಕೊಂಡಂಗ ಬಾಗಲಾ ಸಂದ್ಯಾಗ ಒಂದು ಗೆರಿ, ಹಂಚಿನ ಮೂಲ್ಯಾಗ ಒಂದು ಚುಕ್ಕಿ, ಕೀಲಿ ತೂತಿನಾಗ ಒಂದು ಸೂಜಿ ಕಾಣಸ್ತದ. ಒಂದೊಂದ ಹುಡಕಿ ಮುಚ್ಚಬೇಕು. ನಾನು ಬೆಳಕಿಂಡಿಗೆ ಕರೀ ರಟ್ಟು ಹೊಡದೆ, ಬಾಗಲಕ್ಕ ಹಳೇ ಕಂಬಳಿ ಎರಡು ಪದರು ಇಳಿಬಿಟ್ಟೆ, ಹೊಸ್ತಲಕ್ಕ ಚಿಂದಿ ಸುತ್ತಿ ಇಟ್ಟೆ. ಗಾಳಿಗೆ ಮಾತ್ರ ದಾರಿ ಬೇಕು, ಪೂರಾ ಮುಚ್ಚಿಕೊಂಡು ಔಷಧದ ವಾಸನ್ಯಾಗ ಕೂಡ್ರಬಾರದು. ಬಡಿಗ್ಯಾ ಬಂದು ಮ್ಯಾಲಿನ ಗ್ವಾಡಿಗೆ ಸಣ್ಣ ಫ್ಯಾನು ಕೂಡಸಿ, ಅದರ ಮುಂದ ಒಳಗ ಕರೀ ಬಣ್ಣ ಬಳದ ಸೊಟ್ಟ ಡಬ್ಬಿ ಹೊಡದು ಕೊಟ್ಟ. ಗಾಳಿ ಎರಡು ಸುತ್ತು ತಿರುಗಿ ಹೋಗ್ತದ, ಬೆಳಕು ತಿರುಗಲಿಕ್ಕೆ ಬರಂಗಿಲ್ಲ.

ಇನ್ನ ಒಳಗಿನ ವ್ಯವಸ್ಥಾ. ಈ ವಿಷಯದಾಗ ನಾವು ಹೆಣ್ಮಕ್ಕಳು ಯಾವ ಪುಸ್ತಕಾನೂ ಓದೂದು ಬ್ಯಾಡ. ಒಂದು ಕಡೆ ಒಣಾ, ಒಂದು ಕಡೆ ಹಸಿ ಇರಬೇಕು ಅಂತಾರ. ಒಣಾ ಕಡೆ ಕಾಗದ, ನೆಗೆಟಿವ್, ಯಂತ್ರ. ಹಸಿ ಕಡೆ ಮೂರು ತಾಟು: ಡೆವಲಪರ್, ನಡುವ ಸ್ಟಾಪ್, ಆಮ್ಯಾಲ ಫಿಕ್ಸರ್. ಫಿಕ್ಸರಿನ ಕೈಲೆ ಡೆವಲಪರ್ ಮುಟ್ಟಿದ್ರ ಡೆವಲಪರ್ ಕೆಟ್ಟಿತು. ಹಸಿ ಕೈಲೆ ಕಾಗದ ಮುಟ್ಟಿದ್ರ ಬೊಟ್ಟಿನ ಗುರ್ತು ಹಂಗ ಕೂತು ಬಿಡ್ತದ. ಕೇಳಿದ ಕೂಡ್ಲೆ ನಮ್ಮತ್ತಿಯವರು ಅಂದ್ರು, "ಮುಸುರಿ ಅನ್ನು!" ಹೌದು, ಮುಸುರಿನ ಇದು. ಅನ್ನದ ಕೈಲೆ ಉಪ್ಪಿನಕಾಯಿ ಭರಣಿ ಮುಟ್ಟಬಾರದು ಅಂತ ಹುಟ್ಟಿದಾಗಿಂದ ಬೈಸಿಕೊಂಡ ಬೆಳದೀವಿ. ಆ ಬೈಗಳಾ ಎಲ್ಲೆರ ಉಪಯೋಗಕ್ಕ ಬಂದದ ಅಂದ್ರ ಇಲ್ಲೆ.

ಡೆವಲಪರ್ ನಾನು ಮನ್ಯಾಗ ಕೂಡಸ್ತೀನಿ. ಡಿ-76 ಅಂತ ಹಳೇ ಪಾಕ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮುಕ್ಕಾಲು ಲೀಟರಿನಷ್ಟು ಬೆಚ್ಚಗಿನ ನೀರಾಗ ಒಂದರ ಹಿಂದ ಒಂದು ಕರಗಿಸಿ, ಆಮ್ಯಾಲ ಥಣ್ಣಗಿನ ನೀರು ಹಾಕಿ ಲೀಟರ್ ಮಾಡೂದು. ಮೊದಲ ಮೆಟಾಲ್ ಕರಗಬೇಕು, ಸಲ್ಫೈಟ್ ಮೊದಲ ಸುರದ್ರ ಮೆಟಾಲ್ ಆಮ್ಯಾಲ ಏನ ಮಾಡಿದ್ರೂ ಕರಗಂಗಿಲ್ಲ. ಒಗ್ಗರಣಿಗೆ ಸಾಸಿವಿಕಿಂತ ಮೊದಲ ಕರಿಬೇವು ಹಾಕಿದಂಗ. ಒಂದು ದಿನ ಬಿಟ್ಟು ಬಳಸೂದು. ಫಿಲ್ಮು ತೊಳೀಲಿಕ್ಕೆ 20 ಡಿಗ್ರಿ ಇರಬೇಕು ಅಂತದ. ಉಗಾದಿ ಮುಂದ ನಮ್ಮ ತೊಟ್ಟಿ ನೀರು ನೋಡಿದ್ರ 29. ಪರಾತದಾಗ ಫ್ರಿಜ್ಜಿನ ಬರ್ಫ ಹಾಕಿ, ಅದರಾಗ ಬಾಟಲಿ ಇಟ್ಟು ಕಾಯತೀನಿ. ಥಂಡಿ ದಿವಸದಾಗ ಈ ತಾಪತ್ರಯ ಇಲ್ಲ, ಅದಕ್ಕ ನನ್ನ ಕೆಲಸ ಎಲ್ಲಾ ಕಾರ್ತೀಕದಿಂದ ಶಿವರಾತ್ರಿ ತನಕ.

ನೆಗೆಣ್ಣಿ ಕೇಳಿದ ಮಾತಿಗೆ ಈಗ ಬರ್ತೀನಿ. ಮೊಬೈಲ್ ಇರೂ ಮುಂದ ಇದು ಯಾಕ?

ಅತ್ತಿಯವರಿಗೂ ಮೊದಲ ಇದ ಸಿಟ್ಟಿತ್ತು. ಅವರು ಮೊಬೈಲ್ ಮಾತಾಡಲಿಲ್ಲ, ಕೋಣಿ ಮಾತಾಡಿದ್ರು. "ನಾಲ್ಕು ಬಾಣಂತನ ಆ ಕತ್ತಲದಾಗ ಕಳದೀನಿ. ಗಾಳಿ ತಾಕಬಾರದು, ಬೆಳಕು ಬೀಳಬಾರದು ಅಂತ ಹೊರಗಿಂದ ಬಾಗಲಾ ಮುಂದ ಮಾಡತಿದ್ರು. ಹಗಲು ಯಾವುದು ರಾತ್ರಿ ಯಾವುದು ತಿಳೀತಿರಲಿಲ್ಲ. ನೀ ಯಾಕ ಕೈಯಾರೆ ಬೇಡಿ ಕತ್ತಲಾ ತಗೋತೀಯವಾ?" ಅಂದ್ರು. ನನಗ ಉತ್ತರ ಬರಲಿಲ್ಲ. ಅವರು ಆ ಹೊಸ್ತಲಾ ದಾಟಿ ಎಷ್ಟೋ ವರ್ಷ ಆಗಿತ್ತು. ಟ್ರಂಕಿನಾಗಿಂದ ಏನರ ಬೇಕಾದ್ರ ಬ್ಯಾರೆಯವರನ್ನ ಕಳಸತಿದ್ರು.

ಆ ಟ್ರಂಕು ಖಾಲಿ ಮಾಡೂ ಮುಂದನ ಒಂದು ಪಾಕೀಟು ಸಿಕ್ತು. ನಮ್ಮ ಮಾವನವರು ಇದ್ದಾಗ ಅಗ್ಫಾ ಕ್ಲಿಕ್ III ಕ್ಯಾಮೆರಾ ಇಟ್ಟಿದ್ರು. ಆಗಿನ ಎಷ್ಟೋ ಮನ್ಯಾಗ ಅದ ಇರ್ತಿತ್ತು, ಅಗಲ ರೋಲು, ಒಂದಕ್ಕ ಹನ್ನೆರಡು ಚೌಕ ಫೋಟೋ. ಪಾಲು ಆದಾಗ ಅಲ್ಬಮ್ಮು ಹಿರೇ ಮನಿಗೆ ಹೋತು, ಅಲ್ಲೆ ಮಳಿಗಾಲದಾಗ ಮಾಡು ಸೋರಿ ಎಲ್ಲಾ ಒಂದಕ್ಕೊಂದು ಅಂಟಿ ಹಾಳಾತಂತ. ನೆಗೆಟಿವ್ ಯಾರಿಗೂ ಬೇಕಾಗಿರಲಿಲ್ಲ, ನಮ್ಮಲ್ಲೆ ಉಳದಿದ್ದು. ಬೆಳಕಿಗೆ ಹಿಡದು ಅತ್ತಿಯವರಿಗೆ ತೋರಿಸಿದೆ. ಕರೀ ಮುಖ, ಬಿಳೇ ಕೂದಲು. "ಇದು ಯಾವ ಭೂತಾನೋ" ಅಂದ್ರು.

ಆವಾಗ ನನ್ನ ಹತ್ರ ದೊಡ್ಡದು ಮಾಡೂ ಯಂತ್ರ ಇರಲಿಲ್ಲ. ನಿಮಗೂ ಹೇಳತೀನಿ, ಮೊದಲಿಗೆ ಅದು ಬೇಕಾಗಂಗೂ ಇಲ್ಲ. ಅಗಲ ನೆಗೆಟಿವ್ ಇದ್ರ ಕಾಗದದ ಮ್ಯಾಲ ನೇರ ಇಟ್ಟು, ಮ್ಯಾಲ ಒಂದು ಸ್ವಚ್ಛ ಗಾಜು ಇಟ್ಟು, ಮ್ಯಾಲಿನ ಸಣ್ಣ ಬಲ್ಬು ಹಚ್ಚಿ ಆರಿಸಿದ್ರ ಮುಗೀತು. ಎಷ್ಟು ಹೊತ್ತು ಅನ್ನೂದಕ್ಕ ಕಾಗದದ ಒಂದು ಪಟ್ಟಿ ಹರದು, ಮ್ಯಾಲ ರಟ್ಟು ಮುಚ್ಚಿ ಸ್ವಲ್ಪ ಸ್ವಲ್ಪ ಸರಿಸಿಕೋತ, ಎರಡು ಸೆಕೆಂಡು, ನಾಲ್ಕು, ಆರು, ಎಂಟು ಅಂತ ಪರೀಕ್ಷಾ ಮಾಡೂದು. ದ್ವಾಸಿ ಹಂಚು ಕಾದದೋ ಇಲ್ಲೋ ಅಂತ ಮೊದಲ ಒಂದು ಸಣ್ಣದು ಹುಯ್ದು ನೋಡಂಗಿಲ್ಲೇನು, ಹಂಗ.

ಕೆಂಪು ದೀಪ ಈಗ ಉಪಯೋಗಕ್ಕ ಬಂತು. ಆದರ ದೇವರ ಮನಿ ಬಲ್ಬು ಅಲ್ಲ. ಅದನ್ನ ರೂಪಾಯಿ ನಾಣ್ಯ ಇಟ್ಟು ಪರೀಕ್ಷಾ ಮಾಡಿದ್ದೆ: ಕಾಗದದ ಮ್ಯಾಲ ನಾಣ್ಯ ಇಟ್ಟು ಐದು ನಿಮಿಷ ಆ ದೀಪದ ಕೆಳಗ ಬಿಟ್ಟು ತೊಳದ್ರ, ನಾಣ್ಯದ ಜಾಗಾ ಬೆಳ್ಳಗ, ಸುತ್ತಲೂ ಬೂದಿ ಬಣ್ಣ ಬಂತು. ಅಂದ್ರ ಆ ಬಲ್ಬಿನ ಕೆಂಪು ಸುಳ್ಳು ಕೆಂಪು. ಬಲ್ಬಿನ ಬಣ್ಣ ನಂಬಬ್ಯಾಡ್ರಿ, ನಾಣ್ಯ ನಂಬ್ರಿ. ಈ ಕೆಲಸಕ್ಕಂತನ ಮಾಡಿದ ದೀಪ ಆಮ್ಯಾಲ ತರಿಸಿದೆ.

ಅತ್ತಿಯವರನ್ನ ಕರದೆ. ಬರಂಗಿಲ್ಲ ಅಂದ್ರು. ಬಾಗಲಾ ನಿಮ್ಮ ಕೈಯಾಗ ಇರ್ತದ, ಚಿಲಕಾ ಒಳಗಿಂದ ಹಾಕೂದು ಅಂದೆ. ಬಂದು ಸ್ಟೂಲಿನ ಮ್ಯಾಲ ಕೂತ್ರು, ಒಂದು ಕೈ ಚಿಲಕದ ಮ್ಯಾಲ ಇಟ್ಟುಕೊಂಡ ಕೂತ್ರು. ನಾ ಬಲ್ಬು ಹಚ್ಚಿ ಆರಿಸಿ ಕಾಗದ ತಾಟಿನಾಗ ಬಿಟ್ಟೆ. ತಾಟು ಒಂದು ಮೂಲಿ ಎತ್ತಿ ಇಳಿಸಿ ಅಲಗ್ಯಾಡಿಸಿಕೋತ ನಿಂತೆ. ಹತ್ತು ಹದಿನೈದು ಸೆಕೆಂಡು ಬಿಳೇ ಕಾಗದನ. ಆಮ್ಯಾಲ ಮೊದಲ ಬಂದದ್ದು ಕೂದಲು, ಅದರ ಹಿಂದ ಹಣೀ ಮ್ಯಾಲಿನ ಕುಂಕುಮ. ಕರ್ರಗಿನ ಭಾಗ ಯಾವಾಗಲೂ ಮೊದಲ ಮೂಡ್ತದ. ಕಣ್ಣು ಬಂತು, ಆಮ್ಯಾಲ ಗಲ್ಲ, ಸೆರಗು. ನೋಡಿದ್ರ ಅತ್ತಿಯವರ ತಂಗಿ. ನಾ ಮದವ್ಯಾಗಿ ಬರೂದರಾಗ ಹೋಗಿ ಬಿಟ್ಟಿದ್ರು, ಅವರ ಒಂದೂ ಫೋಟೋ ನಮ್ಮ ಮನ್ಯಾಗ ಇರಲಿಲ್ಲ.

ಅತ್ತಿಯವರು ಎದ್ದು ಬಂದು ತಾಟಿನ ಮ್ಯಾಲ ಬಗ್ಗಿದ್ರು. ಅಳಲಿಲ್ಲ. ಬಹಳ ಹೊತ್ತು ನೋಡಿ, "ಈ ಸೀರಿ ಹಸರು ಇತ್ತು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಇಳಕಲ್ಲದ್ದು. ನಂದ ಸೀರಿ. ತಿರುಗಿ ಕೊಡಲಿಲ್ಲ ಆಕಿ." ಆಮ್ಯಾಲ ನಕ್ರು. ನಾ ಅದನ್ನ ನೋಡಕೋತ ನಿಂತು ಹೊತ್ತು ಮರತು, ಆ ಮೊದಲನೇ ಪ್ರಿಂಟು ಬೇಕಾದ್ದಕ್ಕಿಂತ ಕರ್ರಗಾತು. ಆದರ ಅವರು ಅದನ್ನ ಇಟ್ಟುಕೊಂಡಾರ, ಆಮ್ಯಾಲ ಮಾಡಿದ ಛೊಲೋದು ಬ್ಯಾಡ ಅಂದ್ರು. ಎರಡೂವರಿ ಇಂಚಿನಷ್ಟು ಸಣ್ಣದು. "ಇನ್ನೊಂದಿಷ್ಟು ದೊಡ್ಡದು ಮಾಡ್ಲಿಕ್ಕೆ ಬರ್ತದೇನು?" ಅಂತ ಮರುದಿನ ಕೇಳಿದ್ರು. ಹುಬ್ಬಳ್ಳ್ಯಾಗ ಮುಚ್ಚಿದ ಒಂದು ಸ್ಟುಡಿಯೋದಿಂದ ಹಳೇ ಯಂತ್ರ 4,500 ರೂಪಾಯಿಗೆ ತಂದದ್ದು ಅದಕ್ಕ. ಸಂಡಗಿ-ಹಪ್ಪಳ ಮಾಡಿ ಕೂಡಿಸಿಟ್ಟ ರೊಕ್ಕ ಅದು, ಯಾರನ್ನೂ ಕೇಳಿಲ್ಲ.

ಮೊಬೈಲಿನಾಗ ಫೋಟೋ ತಗಿಯೂದಕ್ಕ ನಂದೇನೂ ಬ್ಯಾಡ ಅಂತಿಲ್ಲ, ನಾನೂ ದಿನಾ ತಗೀತೀನಿ. ಆದರ ಮೈದುನನ ಹಳೇ ಫೋನು ಕೆಟ್ಟಾಗ ಅದರಾಗಿನ ಮುಂಜಿವಿ ಫೋಟೋ ಎಲ್ಲಾ ಹೋಗಿದ್ದು ಮರತೀರೇನು? ಟ್ರಂಕಿನಾಗ ಐವತ್ತು ವರ್ಷ ಯಾರೂ ಕೇಳದ ಬಿದ್ದ ಪಾಕೀಟಿನಾಗಿಂದ ಒಬ್ಬಾಕಿ ಎದ್ದು ಬಂದ್ಲಲ್ಲ, ನನ್ನ ಉತ್ತರ ಅಷ್ಟ.

ರೊಕ್ಕದ ಮಾತು ಖರೆ. ಫಿಲ್ಮು ಸೋವಿ ಅಲ್ಲ. ಒಂದು ಕಾಲಕ್ಕ ಊಟಿಯೊಳಗ ನಮ್ಮ ಸರಕಾರದ್ದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರಖಾನಿ ಇತ್ತು, "ಇಂದು" ಅಂತ ಅದರ ಹೆಸರು. ಅದು ಮುಚ್ಚಿ ಹೋತು. ಕೊಡಾಕಿನವರು 2005ರಾಗನ ಕಪ್ಪು-ಬಿಳಿ ಕಾಗದ ಮಾಡೂದು ಬಿಟ್ರು. ಈಗ ಇಂಗ್ಲಂಡಿನ ಇಲ್ಫೋರ್ಡ್, ಝೆಕ್ ದೇಶದ ಫೋಮಾ ಇಂಥಾವು ಬರ್ತಾವ. ಅದಕ್ಕ ತಿಂಗಳಿಗೆ ಒಂದ ರೋಲು, ಇಪ್ಪತ್ತು ಹಾಳಿ ಕಾಗದ, ಅದಕ್ಕಿಂತ ಹೆಚ್ಚು ನಾ ಮುಟ್ಟೂದಿಲ್ಲ.

ನೀರಿನ ಮಾತು ಅದಕ್ಕಿಂತ ಖರೆ. ನಳ ಯಾವಾಗ ಬರ್ತದೋ ಅಂತ ಕಾಯೂ ಊರಾಗ ಫೋಟೋಕ್ಕ ನೀರು ಸುರೀತಾಳ ಅಂದ್ರ ಯಾರಿಗೂ ಸಿಟ್ಟು ಬರೂದ. ಆದರ ಲೆಕ್ಕಾ ಕೇಳ್ರಿ. ಒಂದು ರೋಲಿಗೆ ಟ್ಯಾಂಕಿನಾಗ ಹಿಡಿಯೂದು 300 ಮಿಲಿ. ನಳ ಬಿಟ್ಟು ತೊಳಿಯೂದು ಬ್ಯಾಡ. ಟ್ಯಾಂಕು ತುಂಬಿ ಐದು ಸಲ ತಲಿಕೆಳಗ ಮಾಡಿ ಚೆಲ್ಲೂದು, ಮತ್ತ ತುಂಬಿ ಹತ್ತು ಸಲ, ಮತ್ತ ತುಂಬಿ ಇಪ್ಪತ್ತು ಸಲ. ಇಲ್ಫೋರ್ಡಿನವರು ಹೇಳಿಕೊಟ್ಟ ರೀತಿ ಇದು. ಔಷಧ, ತೊಳಿಯೂದು ಎಲ್ಲಾ ಕೂಡಿಸಿ ಎರಡು ಲೀಟರ್ ಆಗಂಗಿಲ್ಲ. ಕಾಗದಾನೂ ಪ್ಲಾಸ್ಟಿಕ್ ಲೇಪದ್ದ ತರಸ್ತೀನಿ, ಎರಡು ನಿಮಿಷಕ್ಕ ಸ್ವಚ್ಛ ಆಗ್ತದ. ಹಳೇ ತರದ ದಪ್ಪ ಕಾಗದ ನೋಡ್ಲಿಕ್ಕೆ ಛಂದ, ಅದಕ್ಕ ತಾಸುಗಟ್ಟಲೆ ನೀರು ಬೇಕು, ಅದರ ಆಸೆ ನಾ ಬಿಟ್ಟೀನಿ. ನಿಮ್ಮ ಮನಿ ಅಂಗಳಾ ತೊಳಿಯೂ ನೀರಿನಾಗ ನನ್ನ ಒಂದು ವರ್ಷದ ಕೆಲಸ ಆಗ್ತದ. (ಯಾರಿಗೆ ಅಂದದ್ದು ಅಂತ ಅವರಿಗೆ ಗೊತ್ತಾಗ್ತದ.)

ವಿಷದ ಮಾತು ಒಬ್ಬರೂ ಎತ್ತಲಿಲ್ಲ. ನಿಜವಾಗಿ ಹೆದರಬೇಕಾದ್ದು ಅದಕ್ಕ, ನಾನ ಎತ್ತತೀನಿ. ಈ ಕೋಣ್ಯಾಗಿನ ತಾಟು, ಚಮಚಾ, ತಕ್ಕಡಿ ಅಡಗಿ ಮನಿಗೆ ಯಾವಾಗಲೂ ಬರೂದಿಲ್ಲ, ಅಡಗಿ ಮನೀದು ಅಲ್ಲಿಗೆ ಹೋಗೂದಿಲ್ಲ. ಶರಬತ್ತಿನ ಬಾಟ್ಲ್ಯಾಗ ಔಷಧ ತುಂಬಿ ಇಟ್ಟಿಲ್ಲ, ಮಕ್ಕಳು ಕುಡದು ಗಿಡದಾವು. ಕಂದು ಬಾಟಲಿ, ಮ್ಯಾಲ ಕೆಂಪು ಅಕ್ಷರ, ಎತ್ತರದ ಹಲಗಿ, ಕೀಲಿ. ಕೆಲವರಿಗೆ ಮೆಟಾಲ್ ತಾಕಿದ್ರ ಕೈ ತುರಸಿ ಬಿರೀತದ, ಅದಕ್ಕ ಕೈಗವಸು, ಚಿಮಟಾ. ಬಸುರಿ ಹುಡಿಗ್ಯಾರನ್ನ ನಾ ಒಳಗ ಕರಿಯೂದಿಲ್ಲ, ಸಿಟ್ಟಾಗಬ್ಯಾಡ್ರಿ. ಬಳಸಿದ ಫಿಕ್ಸರಿನಾಗ ಬೆಳ್ಳಿ ಕರಗಿರ್ತದ, ಅದನ್ನ ಮೋರಿಗೂ ಕರಿಬೇವಿನ ಗಿಡದ ಬುಡಕ್ಕೂ ಸುರೀಬಾರದು. ಕ್ಯಾನಿನಾಗ ಕೂಡಿಸಿ, ಎಕ್ಸ್‌ರೇ ಅಂಗಡಿಯಿಂದ ಹಳೇ ಹೈಪೋ ಒಯ್ದು ಬೆಳ್ಳಿ ತಗಿಯೂ ಮನಶಾಗ ಕೊಡ್ತೀನಿ. ನನ್ನ ಕ್ಯಾನಿನಾಗಿನ ಬೆಳ್ಳಿ ಒಂದು ಕಾಲುಂಗುರಕ್ಕೂ ಸಾಲಂಗಿಲ್ಲ ಅಂತ ನಗ್ತಾನ.

"ಹಂಗಾರ ಬಚ್ಚಲದಾಗ ಮಾಡ್ರಿ, ಬಹಳ ಮಂದಿ ಹಂಗ ಮಾಡ್ತಾರ" ಅಂತ ಮೈದುನ ಹೇಳ್ಯಾನ. ಮಾಡಿ ನೋಡೀನಪಾ. ತಾಟು ಹೊಂದಿಸಲಿಕ್ಕೆ ಅರ್ಧಾ ತಾಸು, ಕಾಗದ ನೀರಾಗ ಬಿಡೂದರಾಗ ಬಾಗಲಾ ಬಡಿಯೂದು, "ಆತೇನು? ಇನ್ನೂ ಎಷ್ಟೊತ್ತು?" ಆಮ್ಯಾಲ ಎಲ್ಲಾ ಎತ್ತಿ, ನೆಲಾ ತಿಕ್ಕಿ, ಸ್ನಾನಕ್ಕ ಬಿಟ್ಟುಕೊಡೂದು. ಮೂರನೇ ಸಲಕ್ಕ ಬೇಸತ್ತು ಬಿಟ್ಟೆ. ಎದ್ದು ಹೋಗು ಅಂದ ಕೂಡ್ಲೆ ಏಳಬೇಕಾದ ಜಾಗಾದಾಗ ಹೆಣ್ಮಕ್ಕಳ ಯಾವ ಕೆಲಸಾನೂ ಉಳಿಯಂಗಿಲ್ಲ. ಮನಿಯ ಗಂಡಸರ ಲೆಕ್ಕದ ಕಾಗದ ಮೇಜಿನ ಮ್ಯಾಲ ಹರವಿದ್ರ ಒಬ್ಬರೂ ಮುಟ್ಟಂಗಿಲ್ಲಲ್ಲ?

ಹೋಮಾಯಿ ವ್ಯಾರಾವಾಲಾ ಅಂತ ಇದ್ರು, 1913ರಾಗ ನವಸಾರಿಯೊಳಗ ಹುಟ್ಟಿದ ಪಾರಸೀ ಹೆಣ್ಮಗಳು. ನಮ್ಮ ದೇಶದ ಮೊದಲನೇ ಪತ್ರಿಕಾ ಫೋಟೋಗ್ರಾಫರ್ ಹೆಂಗಸು. ಸೀರಿ ಉಟ್ಟುಕೊಂಡು ದಿಲ್ಲ್ಯಾಗ ನೆಹರೂ ಅವರ ಫೋಟೋ ತಗದಾರ. ಮೊದಮೊದಲು ಅವರು ತಗದ ಫೋಟೋ ಗಂಡನ ಹೆಸರಿನಾಗ ಅಚ್ಚಾಗತಿದ್ದು. 2011ರಾಗ ಪದ್ಮವಿಭೂಷಣ ಬಂತು, ಅಷ್ಟೊತ್ತಿಗೆ ಅವರು ಕ್ಯಾಮೆರಾ ಕೆಳಗ ಇಟ್ಟು ನಾಲ್ವತ್ತು ವರ್ಷ ಆಗಿತ್ತು. ಅವರ ಕೂಡ ನನ್ನ ಹೋಲಿಸಿಕೊಳ್ಳೂವಷ್ಟು ಹುಚ್ಚು ನನಗಿಲ್ಲ. ನಂದು ಮನಿ ಮಂದಿ ಮುಖ, ತುಳಸಿಕಟ್ಟಿ, ಸಾಧನಕೇರಿ ಮಳಿ, ಇಷ್ಟ. ಆದರ "ಆಟಾ" ಅಂತ ಅನ್ನೂ ಮುಂದ ಒಂದು ಸಲ ವಿಚಾರ ಮಾಡ್ರಿ.

ಬಚ್ಚಲಾ ಬ್ಯಾಡ ಅಂತ ನಾ ಅನ್ನೂದಿಲ್ಲ, ನೆಗೆಣ್ಣಿ ಹೇಳೂದು ಸರಿ ಅದ. ಹಿತ್ತಲದಾಗ ಕಟ್ಟಿಗಿ ಇಡೂ ಚಪ್ಪರ ಖಾಲಿ ಬಿದ್ದದ, ಒಲಿ ಹೋಗಿ ಗ್ಯಾಸು ಬಂದು ಎಷ್ಟೋ ವರ್ಷ ಆತು. ಮೋರಿ ಅಲ್ಲಿಂದ ಹತ್ರ. ಅಲ್ಲೆ ಕಟ್ಟಿಸ್ರಿ, ಖರ್ಚೂ ಕಡಿಮಿ ಬೀಳ್ತದ. ನಡುಮನಿ ಬಾಜೂ, ದೇವರ ಮನಿ ಎದುರಿಗೆ ಸಂಡಾಸ ಕಟ್ಟಸೂದಕ್ಕ ಅತ್ತಿಯವರು ಹೂಂ ಅಂತಾರೇನು, ಅದನ್ನ ದೀಪಾವಳ್ಯಾಗ ಅವರನ್ನ ಕೇಳ್ರಿ. ನಾ ಬಾಯಿ ಹಾಕೂದಿಲ್ಲ. ಅವರು ಮಾತ್ರ ಪಾಕೀಟಿನಾಗ ಇನ್ನ ಎಷ್ಟು ಉಳದಾವ ಅಂತ ಎಣಿಸಿ ಇಟ್ಟಾರ. ಏಳು ಉಳದಾವ.

ಗುರುವಾರ ಮೂರರಿಂದ ಐದರ ತನಕ ನಾ ಒಳಗ ಇರ್ತೀನಿ. ನಿಮ್ಮ ಮನಿ ಅಟ್ಟದ ಮ್ಯಾಲ, ಕಪಾಟಿನ ತಳದಾಗ ಹಳೇ ನೆಗೆಟಿವ್ ಬಿದ್ದಿದ್ರ ಒಗೀಬ್ಯಾಡ್ರಿ, ನೀರಿಲೆ ಒರಸಬ್ಯಾಡ್ರಿ, ಹಂಗ ತಗೊಂಡು ಬರ್ರಿ. ಬಾಗಲಾ ಹಾಕಿದ್ರ ತಳ್ಳಬ್ಯಾಡ್ರಿ, ಹೊರಗಿಂದ ಒಂದು ಸಲ ಕೂಗ್ರಿ. ಕಾಗದ ಡಬ್ಬ್ಯಾಗ ಮುಚ್ಚಿಟ್ಟು ತಗೀತೀನಿ.